ಹಾಜರಿ ಪುಸ್ತಕದೊಳಗಿನ ಹರೆಯ

ನಮ್ಮ ಮನೆಗಳಲ್ಲಿ ನಾವೇ ಮೊದಲು ಡಿಗ್ರಿ ಓದಿದವರು. ನಮಗಿಂತ ಮುಂಚೆ ನಮ್ಮ ಹಿರಿಯರ ಹೆಸರು ಬರವಣಿಗೆಯೊಳಗೆ ಬಂದದ್ದು ಎಲ್ಲಿ? ಪುರಾಣದಾಗ ಇಲ್ಲ. ಶಾಸನದಾಗ ಇಲ್ಲ. ಶಾಲೆಯ ದಾಖಲೆಯಾಗ ಇಲ್ಲ. ಸಾಹುಕಾರನ ಸಾಲದ ವಹಿಯಲ್ಲಿ ಬಂತು, ಜೀತದ ಪತ್ರದಲ್ಲಿ ಬಂತು, ಪೊಲೀಸ್ ಠಾಣೆಯ ಪುಸ್ತಕದಲ್ಲಿ ಬಂತು. ಮೊದಲಿನ ಎರಡರ ಬಗ್ಗೆ ನಮ್ಮವರು ಬಹಳ ಬರೆದಿದ್ದಾರೆ. ಈ ಮೂರನೆಯ ಪುಸ್ತಕದ ಚರಿತ್ರೆಯನ್ನ ಈಗ ನೋಡಬೇಕಾಗಿದೆ. ಯಾಕಂದರೆ ಪ್ರಭುತ್ವ ಯಾವುದೇ ಇರಲಿ, ಅದು ಹೆಚ್ಚು ಹೆದರುವುದು ಹರೆಯದವರಿಗೆ. ಹೆದರಿದವನು ಮೊದಲು ಮಾಡುವ ಕೆಲಸ ಕಾವಲು ಹಾಕುವುದು.

ನಮ್ಮ ನೆಲದಿಂದಲೇ ಶುರು ಮಾಡೋಣ. ಜಾಲಹಳ್ಳಿ, ದೇವದುರ್ಗ, ಮಾನ್ವಿ, ರಾಯಚೂರು, ಇವೆಲ್ಲ 1948ರ ಸೆಪ್ಟೆಂಬರ್ ತನಕ ಹೈದರಾಬಾದ್ ನಿಜಾಮನ ಸೀಮೆ. 1911ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನನ ಆಳ್ವಿಕೆಯಲ್ಲಿ ರಾಜಕೀಯದ ಸಭೆ ಸೇರಬೇಕಾದರೆ ಮೊದಲು ಸರ್ಕಾರದ ಅಪ್ಪಣೆ ಬೇಕಾಗಿತ್ತು. 1938ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನ ಅದು ಸರಿಯಾಗಿ ಹುಟ್ಟುವ ಮೊದಲೇ ನಿಷೇಧಿಸಿದರು. ಅದೇ ವರ್ಷದ ಕೊನೆಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಹುಡುಗರು ವಂದೇ ಮಾತರಂ ಹಾಡಿದ್ದಕ್ಕೆ ನೂರಾರು ಮಂದಿಯನ್ನ ಹೊರಗೆ ಹಾಕಿದರು. ನಾಗಪುರ ವಿಶ್ವವಿದ್ಯಾಲಯ ಅವರಿಗೆ ಬಾಗಿಲು ತೆಗೆಯಿತು. ಆ ಚಳವಳಿಯಿಂದ ನಾಗಪುರಕ್ಕೆ ಹೋದ ಹುಡುಗರಲ್ಲಿ ಪಿ.ವಿ. ನರಸಿಂಹರಾವ್ ಒಬ್ಬರು. 1947-48ರಲ್ಲಿ ಒಳಗಿರಲಾರದ ತರುಣರು ಗಡಿ ದಾಟಿ ಶಿಬಿರ ಕಟ್ಟಿದರು. ಮುಂಡರಗಿ ಶಿಬಿರವನ್ನ ಅಳವಂಡಿ ಶಿವಮೂರ್ತಿಸ್ವಾಮಿ ನಡೆಸಿದರು.

ಈ ಕಥೆ ಪಠ್ಯಪುಸ್ತಕದಲ್ಲಿದೆ. ಅದರಲ್ಲಿಲ್ಲದ ಒಂದು ಪ್ರಶ್ನೆ ನಮ್ಮದು. ಹೈದರಾಬಾದಿನ ಅರಮನೆಗೆ ಕೃಷ್ಣಾ ದಂಡೆಯ ಹಳ್ಳಿಯ ಸುದ್ದಿ ಮುಟ್ಟುತ್ತಿದ್ದದ್ದು ಹೇಗೆ? ಊರಿಗೊಬ್ಬ ಪೊಲೀಸ್ ಪಾಟೀಲ. ಅವನ ಕೈಕೆಳಗೆ ತಳವಾರ, ವಾಲೀಕಾರ. ಪಾಟೀಲಕಿ ಮೇಲಿನವರ ಮನೆಯ ವತನ. ತಳವಾರಿಕೆ, ವಾಲೀಕಾರಿಕೆ ಹೆಚ್ಚಾಗಿ ಕೆಳಗಿನವರ ಪಾಲಿನ ಬಿಟ್ಟಿ. ರಾತ್ರಿ ಗಸ್ತು ತಿರುಗುವವನು ನಮ್ಮವ, ಊರಿಗೆ ಹೊಸಬ ಬಂದರೆ ಚಾವಡಿಗೆ ಓಡಿ ಹೇಳುವವನು ನಮ್ಮವ, ಮಾಲು ಕಳುವಾದರೆ ಮೊದಲು ಏಟು ತಿನ್ನುವವನೂ ನಮ್ಮವ. ಕಾಯುವವರನ್ನೂ ಕಾಯಿಸಿಕೊಳ್ಳುವವರನ್ನೂ ಒಂದೇ ಕೇರಿಯಿಂದ ತೆಗೆದುಕೊಳ್ಳುವ ಈ ಜಾಣತನವನ್ನ ನೆನಪಿಟ್ಟುಕೊಳ್ಳಿರಿ. ಮುಂದೆ ಬಹಳ ದೂರದ ದೇಶದಲ್ಲಿ ಇದು ಮತ್ತೆ ಸಿಗುತ್ತದೆ.

ನಿಜಾಮನ ಧರ್ಮ ನೋಡಿ ನಾವು ಈ ಮಾತು ಹೇಳುತ್ತಿಲ್ಲ. ಕೃಷ್ಣೆ ದಾಟಿ ಪಡುವಣಕ್ಕೆ ಹೋದರೆ ವಿಜಾಪುರ. ಅದು ಬ್ರಿಟಿಷರ ಮುಂಬಯಿ ಪ್ರಾಂತ. ಅಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. 1871ರಲ್ಲಿ ಶುರುವಾಗಿ 1911ರಲ್ಲಿ, 1924ರಲ್ಲಿ ಬಿಗಿಯಾದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹುಟ್ಟಿನಿಂದಲೇ ಕೆಲವು ಜಾತಿಗಳನ್ನ ಅಪರಾಧಿ ಅಂತ ಸಾರಿತು. ಹರಣಶಿಕಾರಿ, ಛಪ್ಪರಬಂದ, ಗಂಟಿಚೋರ ಮುಂತಾದವರನ್ನ ಪಟ್ಟಿ ಮಾಡಿ, ಬೆರಳಚ್ಚು ತೆಗೆದು, ವಿಜಾಪುರ, ಹುಬ್ಬಳ್ಳಿ, ಗದಗಿನ ಸೆಟ್ಲಮೆಂಟುಗಳಲ್ಲಿ ಇಟ್ಟರು. ಈಗಲೂ ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಆ ಜಾಗಕ್ಕೆ ಸೆಟ್ಲಮೆಂಟ್ ಅಂತಲೇ ಹೆಸರು. ಹೊರಗೆ ಹೋಗಲು ಪಾಸು ಬೇಕು. ಹೊತ್ತಿಗೆ ಸರಿಯಾಗಿ ಹಾಜರಿ ಕೊಡಬೇಕು. ಹೆಸರು ಕೂಗಿದಾಗ 'ಇದೀನ್ರಿ' ಅನ್ನದಿದ್ದರೆ ಶಿಕ್ಷೆ.

ಆರು ವರ್ಷ ದಾಟಿದ, ಹದಿನೆಂಟು ತುಂಬದ ಮಕ್ಕಳನ್ನ ತಾಯಿತಂದೆಯಿಂದ ಅಗಲಿಸಿ ಬೇರೆ ಶಾಲೆಯಲ್ಲಿಡಲು ಆ ಕಾಯ್ದೆಯಲ್ಲಿ ಅವಕಾಶವಿತ್ತು. ನಾವು ಬರೆಯಲು ಕಲಿತ ವಯಸ್ಸಿನಲ್ಲಿ ಆ ಮಕ್ಕಳ ಬೆರಳಿಗೆ ಮಸಿ ಹತ್ತಿದ್ದು ಬೇರೆ ಕಾರಣಕ್ಕೆ. ಏನೂ ಮಾಡದ ಹುಡುಗ ಮುಂದೆ ಮಾಡಬಹುದು ಅಂತ ಲೆಕ್ಕ ಹಾಕಿ ಕಾಯುವುದು. ಇದನ್ನ ಸರ್ವಾಧಿಕಾರ ಅನ್ನದೆ ಏನಂತ ಅನ್ನಬೇಕು? ವಿಲಾಯತಿಯಲ್ಲಿ ಪಾರ್ಲಿಮೆಂಟು ಇತ್ತು ಅಂದಮಾತ್ರಕ್ಕೆ ಗದಗಿನಲ್ಲಿ ಅದು ಸರ್ವಾಧಿಕಾರ ಆಗದೇ ಇರುವುದಿಲ್ಲ.

ಸ್ವಾತಂತ್ರ್ಯ ಬಂದು ಐದು ವರ್ಷಕ್ಕೆ, 1952ರ ಆಗಸ್ಟ್ 31ರಂದು, ಆ ಕಾಯ್ದೆ ಹೋಯಿತು. ಕಾಯ್ದೆ ಹೋಯಿತು, ಕಣ್ಣು ಹೋಗಲಿಲ್ಲ. ಬೇರೆಬೇರೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಅದರ ಜಾಗಕ್ಕೆ ಬಂದವು. ಹಳ್ಳಿಯಂತೂ ತನ್ನ ಕಾವಲು ಬಿಟ್ಟದ್ದೇ ಇಲ್ಲ. ಕೇರಿಯ ಹುಡುಗ ಇಸ್ತ್ರಿ ಅಂಗಿ ಹಾಕಿದ, ಕಟ್ಟೆಯ ಮುಂದೆ ಚಪ್ಪಲಿ ಬಿಡಲಿಲ್ಲ, ಹೋಟೆಲಿನಲ್ಲಿ ಒಳಗೆ ಕುಂತ, ಈ ಎಲ್ಲ ಸುದ್ದಿ ಸಂಜೆಯೊಳಗೆ ಗೌಡರ ಮನೆ ಮುಟ್ಟುವುದಕ್ಕೆ ಯಾವ ಗುಪ್ತಚರ ಇಲಾಖೆಯೂ ಬೇಕಾಗಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನ ಹಾಡಿ ಹೊಗಳಲು ಒಪ್ಪಲಿಲ್ಲ. ಯಾಕೆ ಅಂತ ಕೇರಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪೇಟೆಯವರಿಗೆ, ಓದಿದವರಿಗೆ ಈ ಕಣ್ಣಿನ ರುಚಿ ಸಿಕ್ಕಿದ್ದು 1975ರ ಜೂನ್ 25ರ ರಾತ್ರಿ. ತುರ್ತು ಪರಿಸ್ಥಿತಿ 1977ರ ಮಾರ್ಚ್ 21ರ ತನಕ ಇತ್ತು. ಷಾ ಆಯೋಗದ ಲೆಕ್ಕದಂತೆ ಆ ಅವಧಿಯಲ್ಲಿ ಮೀಸಾ ಮತ್ತು ಭಾರತ ರಕ್ಷಣಾ ನಿಯಮಗಳ ಕೆಳಗೆ ಒಳಗೆ ಹೋದವರು 1,10,806 ಮಂದಿ. 1976ರ ಮೇ 1ರಂದು ಬೆಂಗಳೂರಿನಲ್ಲಿ ಲಾರೆನ್ಸ್ ಫರ್ನಾಂಡಿಸ್ ಅವರನ್ನ ಪೊಲೀಸರು ಹಿಡಿದೊಯ್ದು, ಅಣ್ಣ ಜಾರ್ಜ್ ಎಲ್ಲಿದ್ದಾನೆ ಹೇಳು ಅಂತ ಚಿತ್ರಹಿಂಸೆ ಕೊಟ್ಟರು. ಅದೇ ತಿಂಗಳು 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಸೆಂಟ್ರಲ್ ಜೈಲು ಸೇರಿದರು. ಉಬ್ಬಸದ ರೋಗಿ. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು.

ನಮ್ಮ ವಯಸ್ಸಿನವನ ಕಥೆ ಬೇಕಾದರೆ ಪಕ್ಕದ ಕೇರಳಕ್ಕೆ ಹೋಗಬೇಕು. ಪಿ. ರಾಜನ್, ಕಲ್ಲಿಕೋಟೆಯ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. ನಕ್ಸಲೀಯ ಅನ್ನುವ ಗುಮಾನಿಯ ಮೇಲೆ 1976ರ ಮಾರ್ಚ್ 1ರಂದು ಪೊಲೀಸರು ಹಿಡಿದುಕೊಂಡು ಹೋದರು. ಕಕ್ಕಯಂ ಪೊಲೀಸ್ ಕ್ಯಾಂಪಿನಿಂದ ಅವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ತಂದೆ ಈಚರ ವಾರಿಯರ್ ಬಾಗಿಲು ಬಾಗಿಲು ತಿರುಗಿದರು. ತುರ್ತು ಪರಿಸ್ಥಿತಿ ಮುಗಿದ ಮೇಲೆ 1977ರಲ್ಲಿ ಹೈಕೋರ್ಟಿಗೆ ಹೋದರು. ಹಿಂದೆ ಪೊಲೀಸ್ ಖಾತೆ ನೋಡುತ್ತಿದ್ದ ಕಾಂಗ್ರೆಸ್ಸಿನ ಕೆ. ಕರುಣಾಕರನ್ ಆಗ ತಾನೇ ಮುಖ್ಯಮಂತ್ರಿಯಾಗಿದ್ದರು. ಒಂದು ತಿಂಗಳಲ್ಲಿ ಕುರ್ಚಿ ಬಿಡಬೇಕಾಯಿತು.

ರಾಜನ್ ಕಾಣೆಯಾದಾಗ ಕೇರಳದ ಮುಖ್ಯಮಂತ್ರಿ ಯಾರು? ಭಾರತ ಕಮ್ಯುನಿಸ್ಟ್ ಪಕ್ಷದ ಸಿ. ಅಚ್ಯುತ ಮೆನನ್.

ಇಲ್ಲಿಗೆ ಗಂಟಲಲ್ಲಿ ಸಿಕ್ಕುವ ಮಾತು ಬಂತು. ಕೆಂಪು ಬಾವುಟ ನಮಗೆ ಪರಕೀಯವಲ್ಲ. ಕೂಲಿ ಅಂದಾಗ, ಭೂಮಿ ಅಂದಾಗ ಬಡವರ ಜೊತೆ ಬೀದಿಗಿಳಿದದ್ದು ಅದು. ಅದಕ್ಕೇ ಅದನ್ನ ಹೆಚ್ಚು ನಿಷ್ಠುರವಾಗಿ ಕೇಳಬೇಕು. ಆ ಬಾವುಟವೇ ಪೂರ್ತಿ ಪ್ರಭುತ್ವವಾದ ಕಡೆ ಕೂಲಿಕಾರರ ಮಕ್ಕಳು ಹೇಗಿದ್ದರು?

ಪೂರ್ವ ಜರ್ಮನಿಯನ್ನ ನೋಡ್ರಿ. 1949ರಿಂದ 1990ರ ತನಕ ಇದ್ದ ದೇಶ. ಶ್ರಮಿಕರ ರಾಜ್ಯ ಅಂತ ಕರೆದುಕೊಂಡಿತು. ಕೆಲಸ ಕೊಟ್ಟಿತು, ಶಾಲೆ ಕೊಟ್ಟಿತು. ಅದನ್ನ ನಾವು ಅಲ್ಲಗಳೆಯುವುದಿಲ್ಲ. 1950ರ ಫೆಬ್ರವರಿಯಲ್ಲಿ ಅದು ಸ್ಟಾಸಿ ಅನ್ನುವ ಗುಪ್ತ ಪೊಲೀಸು ಕಟ್ಟಿತು. 1989ರ ಹೊತ್ತಿಗೆ ಒಂದೂವರೆ ಕೋಟಿಗಿಂತ ತುಸು ಹೆಚ್ಚಿನ ಜನಕ್ಕೆ ಸ್ಟಾಸಿಯ ಸಂಬಳದ ನೌಕರರು ಸುಮಾರು 91,000. ಗುಟ್ಟಾಗಿ ಸುದ್ದಿ ಕೊಡುವವರು ಅದಕ್ಕೂ ಹೆಚ್ಚು, ಒಂದೂಮುಕ್ಕಾಲು ಲಕ್ಷದ ಸುತ್ತಮುತ್ತ. ಈ ಸುದ್ದಿಗಾರರು ಯಾರು? ಹಾಸ್ಟೆಲ್ ಕೋಣೆಯ ಗೆಳೆಯ, ಮೇಷ್ಟ್ರು, ಕೆಲವು ಕಡೆ ಗಂಡನೇ. ಹದಿನೆಂಟು ತುಂಬದ ಶಾಲಾ ಹುಡುಗರನ್ನೂ ಹಚ್ಚಿಕೊಂಡರು. ತಳವಾರನನ್ನ ಕೇರಿಯಿಂದಲೇ ತೆಗೆಯುವ ನಮ್ಮೂರ ಜಾಣತನವೇ ಅಲ್ಲವೇ ಇದು?

ಉದ್ದ ಕೂದಲು ಬಿಟ್ಟವನು, ಪಶ್ಚಿಮದ ಹಾಡು ಕೇಳಿದವನು, ಚರ್ಚಿನ ಕೋಣೆಯಲ್ಲಿ ಕವಿತೆ ಓದಿದವನು, ಎಲ್ಲರ ಮೇಲೂ ಕಡತ. 1976ರ ಜನವರಿಯಲ್ಲಿ ಸ್ಟಾಸಿ ಒಂದು ನಿರ್ದೇಶನ ಹೊರಡಿಸಿತು. ಜೈಲಿಗೆ ಹಾಕಿದರೆ ಹೊರದೇಶದಲ್ಲಿ ಹೆಸರು ಕೆಡುತ್ತದೆ. ಅದಕ್ಕೆ ಒಬ್ಬನ ಬದುಕನ್ನ ಒಳಗಿನಿಂದ ಕೊಳೆಸುವುದು. ಅವನ ಬಗ್ಗೆ ಗಾಳಿಸುದ್ದಿ ಹಬ್ಬಿಸುವುದು, ಗೆಳೆತನ ಮುರಿಯುವುದು, ಪರೀಕ್ಷೆಯಲ್ಲಿ, ನೌಕರಿಯಲ್ಲಿ ಸೋಲಿಸುವುದು. ಸೋತವನು ತನ್ನದೇ ತಪ್ಪು ಅಂದುಕೊಳ್ಳಬೇಕು. ಅದೇ 1976ರ ಮಾರ್ಚಿನಲ್ಲಿ ರಾಜನ್, ಮೇ ತಿಂಗಳಲ್ಲಿ ಸ್ನೇಹಲತಾ. ಬರ್ಲಿನ್ನಿಗೂ ಬೆಂಗಳೂರಿಗೂ ಬಾವುಟ ಬೇರೆ, ಭಾಷೆ ಬೇರೆ, ವರ್ಷ ಒಂದೇ.

ಯೇನಾ ಪಟ್ಟಣದ ಮಥಿಯಾಸ್ ಡೊಮಾಷ್ಕ್ ಅನ್ನುವ ಇಪ್ಪತ್ತಮೂರು ವರ್ಷದ ಹುಡುಗ 1981ರ ಏಪ್ರಿಲ್ 12ರಂದು ಗೇರಾದ ಸ್ಟಾಸಿ ಬಂಧಿಖಾನೆಯಲ್ಲಿ ಸತ್ತ. ಆತ್ಮಹತ್ಯೆ ಅಂದರು. ಲಾಕಪ್ ಸಾವಿಗೆ ನಮ್ಮಲ್ಲಿ ಹೇಳುವ ಮಾತೂ ಅದೇ ಅಲ್ಲವೇ?

ಆದರೆ ಆ ದೇಶದ ಜನ ನಾವು ಮಾಡದ ಒಂದು ಕೆಲಸ ಮಾಡಿದರು. 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿತ್ತು. ಸ್ಟಾಸಿಯವರು ಕಡತ ಹರಿದು ಚೀಲಕ್ಕೆ ತುಂಬತೊಡಗಿದರು. ಡಿಸೆಂಬರ್ 4ರಂದು ಎರ್ಫುರ್ಟ್ ಪಟ್ಟಣದಲ್ಲಿ ಹೆಣ್ಣುಮಕ್ಕಳು ಮುಂದಾಗಿ ಸ್ಟಾಸಿ ಕಚೇರಿಗೆ ನುಗ್ಗಿದರು. 1990ರ ಜನವರಿ 15ರಂದು ಬರ್ಲಿನ್ನಿನ ಮುಖ್ಯ ಕಚೇರಿಗೇ ಜನ ಹೊಕ್ಕರು. ಉಳಿದ ಕಡತಗಳನ್ನ ಸಾಲಾಗಿ ಇಟ್ಟರೆ 111 ಕಿಲೋಮೀಟರು. 1991ರ ಡಿಸೆಂಬರಿನಲ್ಲಿ ಕಾನೂನು ಬಂತು. 1992ರ ಜನವರಿಯಿಂದ ಯಾರು ಬೇಕಾದರೂ ಹೋಗಿ ತನ್ನ ಕಡತ ತಾನೇ ಓದಬಹುದು. ಮೂವತ್ತು ಲಕ್ಷಕ್ಕೂ ಮಿಕ್ಕಿ ಅರ್ಜಿ ಬಂದವು. ಓದಿದವರು ಅತ್ತರು. ಯಾವ ಗೆಳೆಯ ತನ್ನನ್ನ ಮಾರಿದ ಅಂತ ಗೊತ್ತಾಯಿತು, ಯಾವ ಗೆಳೆಯ ಮಾರಲಿಲ್ಲ ಅಂತಲೂ ಗೊತ್ತಾಯಿತು. ಸೋಲು ತನ್ನದಲ್ಲ, ಮಾಡಿಸಿದ್ದು ಅಂತ ತಿಳಿದು ತಲೆ ಎತ್ತಿದವರೂ ಇದ್ದಾರೆ.

ನಮ್ಮ ಕಡತ ಎಲ್ಲಿ? ಸೆಟ್ಲಮೆಂಟಿನ ಹಾಜರಿ ಪುಸ್ತಕವನ್ನ ಆ ಮಂದಿಯ ಮೊಮ್ಮಕ್ಕಳ ಕೈಗೆ ಕೊಟ್ಟವರು ಯಾರು? ತುರ್ತು ಪರಿಸ್ಥಿತಿಯ ಗುಪ್ತ ವರದಿಯಲ್ಲಿ ತನ್ನ ಬಗ್ಗೆ ಏನಿದೆ ಅಂತ ಓದುವ ಹಕ್ಕನ್ನ ಯಾವ ಕಾನೂನು ಕೊಟ್ಟಿತು? 2005ರ ಮಾಹಿತಿ ಹಕ್ಕು ಕಾಯ್ದೆ ದೊಡ್ಡ ಗೆಲುವು, ಹೌದು. ಆದರೆ ಅದರ 24ನೇ ಕಲಮು ಗುಪ್ತಚರ ಸಂಸ್ಥೆಗಳನ್ನ ಹೊರಗಿಟ್ಟಿದೆ. ಭ್ರಷ್ಟಾಚಾರದ, ಮಾನವ ಹಕ್ಕಿನ ದೂರಿಗೆ ಮಾತ್ರ ಒಂದು ಸಣ್ಣ ಕಿಂಡಿ. ಜೈಲುಗಳ ದಾಖಲೆ ಪುಸ್ತಕದಲ್ಲಿ ಕೈದಿಯ ಜಾತಿಗೊಂದು ಕಾಲಂ ಇರಬಾರದು ಅಂತ ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು 2024ರ ಅಕ್ಟೋಬರಿನಲ್ಲಿ. ಸಂವಿಧಾನ ಬಂದು ಎಪ್ಪತ್ತನಾಲ್ಕು ವರ್ಷ ಆ ಕಾಲಂ ಯಾರ ಕಣ್ಣಿಗೂ ಚುಚ್ಚಲಿಲ್ಲ!

ಗೆಳೆಯರೇ, ಬಾವುಟದ ಬಣ್ಣ ನೋಡಿ ನ್ಯಾಯ ಹೇಳುವುದು ನಮಗೆ ಸಲ್ಲದು. ನಿಜಾಮನ ಹಳದಿ, ಬ್ರಿಟಿಷರ ಬಣ್ಣ, ನಮ್ಮದೇ ಮೂರು ಬಣ್ಣ, ದೂರದ ಕೆಂಪು, ಎಲ್ಲದರ ಕೆಳಗೂ ಹರೆಯದವರ ಹೆಸರು ಬರೆದಿಟ್ಟ ಒಂದು ಪುಸ್ತಕ ಸಿಗುತ್ತದೆ. ಆ ಪುಸ್ತಕಕ್ಕೆ ಕೈ ಬೇಕು. ಆ ಕೈಯನ್ನ ನಮ್ಮೊಳಗಿಂದಲೇ ಹುಡುಕುತ್ತಾರೆ, ಒಂದು ಸಣ್ಣ ನೌಕರಿಯ ಆಸೆಗೆ, ಒಂದು ಕೇಸಿನ ಹೆದರಿಕೆಗೆ. ನಾವು ಆ ಕೈ ಆಗಬಾರದು. ಇದು ಮೊದಲನೆಯದು.

ಎರಡನೆಯದು ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ. ಹಾಜರಿ ಕೊಟ್ಟವರ, ತಳವಾರಿಕೆ ಮಾಡಿದವರ, ಜೈಲು ಕಂಡವರ ಮಾತು ಇನ್ನೂ ಅಲ್ಲಲ್ಲಿ ಮನೆಗಳಲ್ಲಿ ಉಳಿದಿದೆ. ಹಿರಿಯರ ಮುಂದೆ ನೋಟ್‌ಬುಕ್ ಹಿಡಿದು ಕುಂದ್ರಿರಿ. ಊರು, ವರ್ಷ, ಹೆಸರು ಬಿಡದೆ ಬರೆದುಕೊಳ್ಳಿರಿ. ಠಾಣೆಯ ಪುಸ್ತಕ ತೆರೆಯಿರಿ ಅಂತ ಕೇಳುವ ದಿನ ನಮ್ಮ ಕೈಯಲ್ಲೂ ಒಂದು ಪುಸ್ತಕ ಇರಬೇಕು.