ಕಲ್ಲಿನ ರಥದ ಮೇಲಿದ್ದ ಗೋಪುರ

ನಿಮ್ಮ ಬಳಿ ನೀಲಿ ಬಣ್ಣದ 50 ರೂಪಾಯಿ ನೋಟಿದ್ದರೆ ಅದರ ಹಿಂಬದಿಯನ್ನೊಮ್ಮೆ ನೋಡಿ. 2017ರಿಂದ ಅಲ್ಲಿರುವುದು ಹಂಪಿಯ ಕಲ್ಲಿನ ರಥ. ಮುಂಬೈಯ ವಡಾಪಾವ್ ಗಾಡಿಯಿಂದ ಚೆನ್ನೈನ ತರಕಾರಿ ಅಂಗಡಿಯವರೆಗೆ ದಿನವೂ ಕೈಬದಲಾಗುವ ಈ ಚಿತ್ರದಲ್ಲಿ ರಥದ ನೆತ್ತಿ ಚಪ್ಪಟೆ. ವಿಜಯನಗರದ ಕಾಲದಿಂದಲೂ ಅದು ಹೀಗೇ ಇತ್ತೆಂದು ನಾವು ಅಂದುಕೊಂಡಿದ್ದೇವೆ. ಹಾಗಿರಲಿಲ್ಲ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಹಂಪಿಯ ಫೋಟೋಗಳನ್ನು ತೆಗೆದ. ಅವನ ನೆಗೆಟಿವ್‌ಗಳು ಗಾಜಿನವಲ್ಲ, ಕಾಗದದವು. ಬೆಳ್ಳಿಯ ಲವಣ ಸವರಿದ ದೊಡ್ಡ ಹಾಳೆಯನ್ನು ಕ್ಯಾಮೆರಾದೊಳಗಿಟ್ಟು ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕಿತ್ತು. ಬೆಳಕು ಹಾಯಲೆಂದು ಕಾಗದಕ್ಕೆ ಮೇಣ ಹಿಡಿಸುತ್ತಿದ್ದರು. ನಡೆದಾಡುವ ಜನ ಅದರಲ್ಲಿ ಮೂಡುವುದಿಲ್ಲ. ಅಲುಗದ ಕಲ್ಲು ಮಾತ್ರ ಮೂಡುತ್ತದೆ.

ಆ ಫೋಟೋಗಳಲ್ಲೊಂದರಲ್ಲಿ ವಿಠ್ಠಲ ದೇವಸ್ಥಾನದ ಅಂಗಳವಿದೆ, ರಥವಿದೆ, ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಗಾರೆ ಎಂಬುದು ಆ ಕಾಲದ ಕಟ್ಟಡಗಳ ರೂಢಿ. ವಿರೂಪಾಕ್ಷ ದೇವಸ್ಥಾನದ ಗೋಪುರವೂ ಹಾಗೆಯೇ ಇದೆ. ರಥದ ಆಕಾರದಲ್ಲಿದ್ದರೂ ಅದು ಗರುಡನ ಗುಡಿ, ಗುಡಿಗೊಂದು ಶಿಖರ ಬೇಕಲ್ಲ. ಮುಂದೆ ಆ ಗೋಪುರವನ್ನು ತೆಗೆದುಹಾಕಲಾಯಿತು. ಇಂದು ನಾವು 'ಕಲ್ಲಿನ ರಥ' ಎನ್ನುವುದು ಪೂರ್ತಿ ಕಲ್ಲಿನದಾದದ್ದು ಆಮೇಲೆಯೇ. ಅದರ ಮುಂದಿರುವ ಆನೆಗಳೂ ಮೊದಲಿನವಲ್ಲ. ಅವುಗಳ ಹಿಂದೆ ಕುದುರೆಗಳ ಗುರುತು ಈಗಲೂ ಕಾಣುತ್ತದೆ.

ತಾಳೆಗರಿಯ ಪ್ರತಿಗಳಲ್ಲಿ ಹೀಗಾಗುವುದುಂಟು. ಲಿಪಿಕಾರನೊಬ್ಬ ಒಂದು ಸಾಲು ಬಿಟ್ಟರೆ ಅದನ್ನು ನೋಡಿ ಬರೆದ ಪ್ರತಿಗಳೆಲ್ಲ ಆ ಸಾಲನ್ನು ಬಿಡುತ್ತವೆ. ಅರ್ಥ ಕೂಡಿ ಬಂದರಂತೂ ಓದುವವರಿಗೆ ಕೊರತೆ ತಿಳಿಯುವುದೇ ಇಲ್ಲ. ಇನ್ನೂ ಹಳೆಯ ಪ್ರತಿಯೊಂದು ಸಿಕ್ಕಾಗಲೇ ಪಾಠಾಂತರ ಬೆಳಕಿಗೆ ಬರುವುದು. ಗ್ರೀನ್‌ಲಾ ತೆಗೆದ ಫೋಟೋ ಅಂಥದೊಂದು ಹಳೆಯ ಪ್ರತಿ.

ಈ ನೆಗೆಟಿವ್‌ಗಳು ಬಹುಕಾಲ ಯಾರ ಕಣ್ಣಿಗೂ ಬೀಳದೆ ಉಳಿದಿದ್ದವು. ಮತ್ತೆ ಬೆಳಕಿಗೆ ಬಂದ ಮೇಲೆ, 1983ರಲ್ಲಿ, ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಹಂಪಿಯನ್ನು ಮತ್ತೆ ಸೆರೆಹಿಡಿದರು. ಜೋಡಿ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಬಿದ್ದದ್ದು, ಎತ್ತಿ ನಿಲ್ಲಿಸಿದ್ದು, ತೆಗೆದುಹಾಕಿದ್ದು ಎಲ್ಲವೂ ಕಾಣುತ್ತದೆ. ಗ್ರೀನ್‌ಲಾನ ನೆಗೆಟಿವ್‌ಗಳು ಈಗ ದೆಹಲಿಯ ಅಲ್ಕಾಜಿ ಸಂಗ್ರಹದಲ್ಲಿವೆ. ಅದನ್ನು ಕಟ್ಟಿದವರು ಪುಣೆಯಲ್ಲಿ ಹುಟ್ಟಿದ ರಂಗನಿರ್ದೇಶಕ ಇಬ್ರಾಹಿಂ ಅಲ್ಕಾಜಿ.

ಸ್ಮಾರಕವನ್ನು ಉಳಿಸುತ್ತೇವೆ ಎಂದಾಗ ಅದರ ಯಾವ ದಿನದ ರೂಪವನ್ನು ಎಂಬ ಪ್ರಶ್ನೆ ಏಳುತ್ತದೆ. ಯಾವುದನ್ನು ಆರಿಸಿದರೂ ಇನ್ನೊಂದು ಅಳಿಯುತ್ತದೆ. ಅಳಿದದ್ದಕ್ಕೆ ಸಾಕ್ಷಿಯಾಗಿ ಇಲ್ಲಿ ಉಳಿದಿರುವುದು ಬಿಸಿಲು, ತೇವ, ಹುಳ ಯಾವುದನ್ನೂ ತಾಳದ ಕಾಗದ. ಹಂಪಿಯ ರಕ್ಷಣೆಯ ಲೆಕ್ಕದಲ್ಲಿ ದೆಹಲಿಯಲ್ಲಿರುವ ಆ ಹಾಳೆಗಳೂ ಸೇರಬೇಕು.