ಒಂದು ಪೌಂಡ್ ಧಾನ್ಯದ ಲೆಕ್ಕ

ಲಂಡನ್ನಿನ ಬ್ಯಾಂಕ್ ನಿಲ್ದಾಣದಿಂದ ಹೊರಬಂದರೆ ಎದುರಿಗೇ ಮ್ಯಾನ್ಷನ್ ಹೌಸ್. ವರ್ಷಗಟ್ಟಲೆ ಅದರ ಮುಂದೆ ಓಡಾಡಿದ ನನಗೆ, 1877ರಲ್ಲಿ ನಮ್ಮ ಕಡೆಯ ಬರಗಾಲಕ್ಕೆ ಚಂದಾ ಎತ್ತಿದ್ದು ಅಲ್ಲಿಯೇ ಎಂದು ತಿಳಿದದ್ದು ಈಚೆಗೆ.

ಅದಕ್ಕೂ ಮುಂಚೆ, 1873-74ರ ಬಿಹಾರದ ಬರವನ್ನು ಸರ್ ರಿಚರ್ಡ್ ಟೆಂಪಲ್ ಬರ್ಮಾದ ಅಕ್ಕಿ ತರಿಸಿ ನಿಭಾಯಿಸಿದ್ದರು. ಸತ್ತವರು ಬಹಳ ಕಡಿಮೆ; ಆದರೂ ಸಿಕ್ಕಿದ್ದು ದುಂದುಗಾರನೆಂಬ ಬೈಗುಳ. ಅದೇ ಮನುಷ್ಯ 1877ರಲ್ಲಿ ಮದರಾಸು ಪ್ರಾಂತಕ್ಕೆ ಬಂದಾಗ ಕೈ ಬಿಗಿಹಿಡಿದರು. ನಮ್ಮ ಬಳ್ಳಾರಿ ಆಗ ಆ ಪ್ರಾಂತದಲ್ಲೇ ಇತ್ತು. ಬಿಸಿಲಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಚಿಲ್ಲರೆ ಕಾಸು, ಅಷ್ಟೇ. ಬೈಗುಳದ ಭಯ ಎಷ್ಟು ಜೀವ ತಿಂದಿತೋ! ಇದು ಸಾಲದೆಂದು ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಬಿಡದೆ ಬರೆದರು; ಕೆಲವು ತಿಂಗಳ ಮೇಲೆ ಕೂಲಿ ಏರಿತು.

ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿಯಿತು. ಲಂಡನ್ನಿನ ಹಣ ಬದುಕುಳಿದ ರೈತರಿಗೆ ಬೀಜಕ್ಕೆ, ಎತ್ತಿಗೆ, ಗುಡಿಸಲಿಗೆ ಒದಗಿತು. ತಡವಾಗಿ ಬಂದರೂ ಸರಿಯಾದ ಕಡೆ ಹೋದ ದುಡ್ಡು ಎನ್ನುತ್ತೇನೆ.

ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸವೂ ಬರಪರಿಹಾರವೆಂದೇ ಶುರುವಾದದ್ದು. ಮದ್ದೂರು ವಡೆ ತಿನ್ನುತ್ತ ಅದರ ಮೇಲೆ ಎಷ್ಟು ಸಲ ಹೋಗಿದ್ದೇನೋ, ಆ ಮಣ್ಣು ಯಾರು ಹೊತ್ತರೆಂದು ಕೇಳಿರಲಿಲ್ಲ.