ನರ್ಸಮ್ಮ ಕೇಳಿದ ಪ್ರಶ್ನೆ

ಹೋದ ವರ್ಷ ಮಾರ್ಚ್ ಕೊನೆ. ಅಪ್ರೈಸಲ್ ಗಲಾಟೆಯ ನಡುವೆ ಎಚ್‌ಆರ್‌ನಿಂದ ಒಂದು ಮೇಲ್ ಬಂತು. ಇನ್ಮೇಲೆ ಪ್ರತಿಯೊಬ್ಬ ಉದ್ಯೋಗಿಗೂ 'ಬಿಹೇವಿಯರಲ್ ಹೆಲ್ತ್ ಪ್ರೊಫೆಷನಲ್' ಒಬ್ಬರ ಜೊತೆ ನಾಲ್ಕು ಸೆಷನ್ ಉಚಿತ, ಗುಟ್ಟು ಕಾಪಾಡಲಾಗುತ್ತದೆ, ಕೆಳಗಿನ ಲಿಂಕ್ ಒತ್ತಿ. ಪಕ್ಕದ ಸೀಟಿನ ಗೆಳೆಯ ಓದಿ ನಕ್ಕ. "ಬಿಹೇವಿಯರ್ ಅಂದ್ರೆ ನಡತೆ ತಾನೇ? ನಡತೆ ತಿದ್ದೋಕೆ ಮೇಷ್ಟ್ರನ್ನ ಇಟ್ಟಿದಾರಾ?" ಅಂದ. ನಾನೂ ನಕ್ಕೆ. ಆಗ ನನಗೆ ಮೂರು ತಿಂಗಳಿಂದ ರಾತ್ರಿ ಎರಡರ ಮೇಲೆ ನಿದ್ದೆ ಇರಲಿಲ್ಲ. ಆದರೂ ಲಿಂಕ್ ಒತ್ತಲಿಲ್ಲ.

ಒತ್ತದೆ ಇರೋದಕ್ಕೆ ನೆಪ ಬೇಕಿತ್ತು. ಅದಕ್ಕೇ ಹುಡುಕೋಕೆ ಕೂತೆ: ಈ ಹೆಸರಿನವರು ಯಾರು, ಎಲ್ಲಿಂದ ಬಂದ್ರು? ಗೊತ್ತಿಲ್ಲದವರ ಎದುರು ಹೇಗೆ ಬಾಯಿ ಬಿಡೋದು?

ಮೊದಲು ಸಿಕ್ಕಿದ್ದು ಒಂದು ಕಾಯ್ದೆ. 2021ರಲ್ಲಿ ಸಂಸತ್ತು ವೈದ್ಯಕೀಯದ ಸಹವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಕಾನೂನು ಮಾಡಿತು. ಫಿಸಿಯೋಥೆರಪಿಯವರು, ಲ್ಯಾಬ್ ತಂತ್ರಜ್ಞರು, ಆಹಾರತಜ್ಞರು, ಎಲ್ಲರೂ ಅದರ ಪಟ್ಟಿಯಲ್ಲಿದ್ದಾರೆ. ಅದೇ ಪಟ್ಟಿಯಲ್ಲಿ 'ಬಿಹೇವಿಯರಲ್ ಹೆಲ್ತ್ ಸೈನ್ಸಸ್' ಅಂತ ಒಂದು ವರ್ಗವಿದೆ. ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ಎಚ್‌ಐವಿ ಆಪ್ತಸಮಾಲೋಚಕರು, ಕುಟುಂಬ ಯೋಜನೆಯ ಸಮಾಲೋಚಕರು, ಎಲ್ಲರೂ ಒಂದೇ ಕೊಡೆಯ ಕೆಳಗೆ. ಕ್ಲಿನಿಕಲ್ ಸೈಕಾಲಜಿಸ್ಟರು ಮಾತ್ರ ಅದರಲ್ಲಿಲ್ಲ, ಅವರು ಮೊದಲಿಂದಲೂ ಭಾರತೀಯ ಪುನರ್ವಸತಿ ಪರಿಷತ್ತಿನ ರಿಜಿಸ್ಟರಿನಲ್ಲಿ ಇದ್ದಾರೆ. ಹಾಗಾಗಿ ನಮ್ಮ ಎಚ್‌ಆರ್ ಬಳಸಿದ ಪದ ಅಮೆರಿಕದ ಗಾಳಿಯಲ್ಲಿ ತೇಲಿ ಬಂದದ್ದು ಮಾತ್ರ ಅಲ್ಲ, ನಮ್ಮ ಕಾನೂನಿನಲ್ಲೇ ಇದೆ. ಪದ ಹೊಸದು. ಕೆಲಸ ಹಳೆಯದು, ಅದರ ಬಹುಪಾಲು ನಡೆದದ್ದು ನಮ್ಮ ಮಗ್ಗುಲಲ್ಲೇ.

ಬೆಂಗಳೂರು ಪೇಟೆಯಲ್ಲಿ ಹುಚ್ಚಾಸ್ಪತ್ರೆ ಶುರುವಾದದ್ದು 1840ರ ದಶಕದ ಕೊನೆಯಲ್ಲಿ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ಡಾಕ್ಟರು ಅದರ ಹಿಂದಿದ್ದವರು. ಆ ಕಾಲದ ಅಸೈಲಮ್ಮುಗಳಲ್ಲಿ ರೋಗಿಯ ಹತ್ತಿರ ಹಗಲು ರಾತ್ರಿ ಇರುತ್ತಿದ್ದವನು ವಾರ್ಡರ್, ಅಂದ್ರೆ ಕಾವಲುಗಾರ. ಅವನ ಕೈಯಲ್ಲಿದ್ದದ್ದು ಬೀಗದ ಕೈ. ಒಳಗಿದ್ದವರ ಜೊತೆ ಮಾತಾಡೋದೇ ಒಂದು ಕೆಲಸ, ಅದಕ್ಕೂ ತರಬೇತಿ ಬೇಕು ಅನ್ನೋ ಯೋಚನೆ ಬರೋಕೆ ಇನ್ನೂ ನೂರು ವರ್ಷ ಇತ್ತು.

1925ರಲ್ಲಿ ಅಸೈಲಂ ಎಂಬ ಹೆಸರು ಹೋಗಿ ಮೆಂಟಲ್ ಹಾಸ್ಪಿಟಲ್ ಅಂತಾಯಿತು. ಫ್ರಾಂಕ್ ನರೋನ್ಹಾ ಅಧಿಕಾರಿಯಾಗಿದ್ದಾಗ, 1930ರ ದಶಕದಲ್ಲಿ, ಅದು ಪೇಟೆಯಿಂದ ಲಕ್ಕಸಂದ್ರದ ಕಡೆಗಿನ ದೊಡ್ಡ ಜಾಗಕ್ಕೆ ಬಂತು. ನಾವು ಈಗ ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬೈಯುತ್ತಾ ನೋಡುವ ಅದೇ ಜಾಗ. "ನಿಮ್ಹಾನ್ಸಿಗೆ ಸೇರ್ಕೋ" ಅಂತ ಗೆಳೆಯರನ್ನ ರೇಗಿಸ್ತೀವಲ್ಲ, ಅದೇ.

ಆಸ್ಪತ್ರೆಯ ಹೊರಗೆ ಇನ್ನೊಂದು ಎಳೆ ಬೆಳೀತಿತ್ತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ರೇಡಿಯೋ ನಿಲಯ ನಡೆಸಿದವರೂ ಇವರೇ! ಮನಸ್ಸನ್ನೂ ಧ್ವನಿಯನ್ನೂ ಒಬ್ಬನೇ ಮನುಷ್ಯ ಹಚ್ಚಿಕೊಂಡದ್ದು ನನಗೆ ತುಂಬ ಇಷ್ಟವಾದ ಸಂಗತಿ. ಅತ್ತ ಧಾರವಾಡದಲ್ಲಿ ವಿ.ವಿ. ಕಾಮತರು ಫ್ರಾನ್ಸಿನ ಬಿನೆ ಮಾಡಿದ್ದ ಬುದ್ಧಿ ಪರೀಕ್ಷೆಯನ್ನ ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸುತ್ತಿದ್ದರು. ಪ್ಯಾರಿಸ್ಸಿನ ಮಗುವಿಗೆ ಕೇಳಿದ ಪ್ರಶ್ನೆಯನ್ನ ಧಾರವಾಡದ ಮಗುವಿಗೆ ಹಾಗೇ ಕೇಳೋಕಾಗಲ್ಲ ಅನ್ನೋದು ಇವತ್ತಿಗೆ ಸಾಮಾನ್ಯ ತಿಳಿವಳಿಕೆ. ಅವತ್ತಿಗೆ ಅದು ವರ್ಷಗಟ್ಟಲೆ ಶಾಲೆಯಿಂದ ಶಾಲೆಗೆ ಹೋಗಿ ಮಾಡಬೇಕಾದ ಕೆಲಸ. ಬಿನೆ-ಕಾಮತ್ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿದೆ.

ಸ್ವಾತಂತ್ರ್ಯ ಬಂದ ಮೇಲೆ ಎರಡೂ ಎಳೆ ಸೇರಿದವು. 1954ರಲ್ಲಿ ಡಾ. ಎಂ.ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಬೆಂಗಳೂರಿನ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಅಲ್ಲಿ ಮನೋವೈದ್ಯರಿಗೆ ಒಂದು ಡಿಪ್ಲೊಮಾ, ಡಾಕ್ಟರಲ್ಲದ ಮನಶ್ಶಾಸ್ತ್ರಜ್ಞರಿಗೆ ಇನ್ನೊಂದು. ಆಮೇಲೆ ನರ್ಸುಗಳಿಗೆ, ಅದಾದ ಮೇಲೆ ಸಮಾಜಕಾರ್ಯಕರ್ತರಿಗೆ. ಆಸ್ಪತ್ರೆಯೂ ಸಂಸ್ಥೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಒಬ್ಬ ರೋಗಿಯ ಸುತ್ತ ನಾಲ್ಕು ಥರದ ಜನ ಕೂತು ಮಾತಾಡೋ ಪದ್ಧತಿ ಹೀಗೆ ಬಂದದ್ದು. ಡಾಕ್ಟರು ಔಷಧಿ ನೋಡ್ತಾರೆ. ಸೈಕಾಲಜಿಸ್ಟ್ ಪರೀಕ್ಷೆ, ಚಿಕಿತ್ಸೆಯ ಮಾತುಕತೆ ನೋಡ್ತಾರೆ. ನರ್ಸ್ ಇಡೀ ದಿನ ನೋಡ್ತಾರೆ. ಸಮಾಜಕಾರ್ಯಕರ್ತರು ಈತ ವಾಪಸ್ಸು ಹೋಗೋ ಮನೆ ಹೇಗಿದೆ ಅಂತ ನೋಡ್ತಾರೆ.

ಈ ಕೊನೆಯ ವಿಷಯವನ್ನ ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದವರು ಅಮೃತಸರದ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ಅವರ ಆಸ್ಪತ್ರೆ ಕಿಕ್ಕಿರಿದಿತ್ತು. ಅವರು ಕಾಂಪೌಂಡಿನಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೇ ಕರೆಸಿದರು. ಬನ್ನಿ, ಇಲ್ಲೇ ಇರಿ, ನೀವೇ ಉಣಿಸಿ, ನಾವು ಏನು ಮಾಡ್ತೀವಿ ನೋಡಿ. ಮನೆಯವರು ಕಾಯಿಲೆಯನ್ನ ಹತ್ತಿರದಿಂದ ನೋಡಿದರು, ಹೆದರಿಕೆ ಕಡಿಮೆಯಾಯಿತು, ರೋಗಿಗಳನ್ನ ಕರಕೊಂಡು ಊರಿಗೆ ಹೋದರು. ಇವತ್ತು ನಮ್ಮ ದೇಶದ ಮನೋವೈದ್ಯಕೀಯ ವಾರ್ಡುಗಳಲ್ಲಿ ರೋಗಿಯ ಪಕ್ಕ ಅಮ್ಮನೋ ಅಣ್ಣನೋ ಚಾಪೆ ಹಾಸಿಕೊಂಡಿರೋದು ಕಾಣುತ್ತಲ್ಲ, ಅದರ ಹಿಂದೆ ಆ ಡೇರೆಗಳಿವೆ.

ಇನ್ನೊಂದು ಕಥೆ ನಮ್ಮ ಕರಾವಳಿಯದು. ಆರ್.ಎಲ್. ಕಪೂರ್ ಎಂಬ ಮನೋವೈದ್ಯರು ಮಾರಿಸ್ ಕಾರ್‌ಸ್ಟೇರ್ಸ್ ಜೊತೆ ಸೇರಿ ಕುಂದಾಪುರದ ಹತ್ತಿರದ ಕೋಟ ಎಂಬ ಊರಿಗೆ ಹೋದರು. ಹೌದು, ಶಿವರಾಮ ಕಾರಂತರು ಹುಟ್ಟಿದ ಕೋಟ. ಅಲ್ಲಿನ ಬ್ರಾಹ್ಮಣರು, ಬಂಟರು, ಮೊಗವೀರರ ಮನೆಮನೆಗೆ ಹೋಗಿ ಜನರ ಮನಸ್ಸಿನ ಕಷ್ಟಗಳನ್ನ ಕೇಳಿ ಬರೆದುಕೊಂಡರು. 1976ರಲ್ಲಿ ಅದು ಪುಸ್ತಕವಾಯಿತು. ಕಪೂರರಿಗೆ ಇನ್ನೊಂದು ಪ್ರಶ್ನೆಯೂ ಇತ್ತು: ಮನೋವೈದ್ಯರೇ ಇಲ್ಲದ ಊರಲ್ಲಿ ಮನಸ್ಸು ಕೆಟ್ಟವರು ಎಲ್ಲಿಗೆ ಹೋಗ್ತಾರೆ? ಉತ್ತರ, ಎಲ್ಲಾ ಕಡೆಗೂ. ನಾಡವೈದ್ಯರ ಹತ್ತಿರ, ಮಂತ್ರವಾದಿಯ ಹತ್ತಿರ, ದರ್ಶನ ಬರುವ ಪಾತ್ರಿಯ ಹತ್ತಿರ, ಪೇಟೆಯ ಡಾಕ್ಟರ ಹತ್ತಿರ. ಒಬ್ಬರ ಹತ್ತಿರ ಹೋದವರು ಇನ್ನೊಬ್ಬರನ್ನು ಬಿಡ್ತಿರಲಿಲ್ಲ. ಕಪೂರರು ಇದನ್ನ ಮೂಢನಂಬಿಕೆ ಅಂತ ತಳ್ಳಿಹಾಕದೆ ಕೂತು ಅಧ್ಯಯನ ಮಾಡಿದ್ದು ದೊಡ್ಡದು. ಆದರೆ ಇದರಲ್ಲಿ ನಾನು ಪೂರ್ತಿ ರೊಮ್ಯಾಂಟಿಕ್ ಆಗಲಾರೆ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತಲಿನ ಗುಡಿಸಲೊಂದರಲ್ಲಿ ಸರಪಳಿ ಹಾಕಿ ಕಟ್ಟಿದ್ದವರು ಬೆಂಕಿ ಬಿದ್ದಾಗ ಓಡಲಾಗದೆ ಸತ್ತರು. ಇಪ್ಪತ್ತೈದಕ್ಕೂ ಹೆಚ್ಚು ಜನ.

ಕೋಟದ ನಂತರ ಕಪೂರರು ನಿಮ್ಹಾನ್ಸಿಗೆ ಬಂದರು. 1970ರ ದಶಕದ ನಡುವಿನಲ್ಲಿ ಅಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕ ಶುರುವಾಯಿತು, ಬನ್ನೇರುಘಟ್ಟ ರಸ್ತೆಯ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ಬಂತು. ಅವರ ಲೆಕ್ಕ ಸರಳ: ಇಷ್ಟು ಜನಕ್ಕೆ ಬೇಕಾದಷ್ಟು ಮನೋವೈದ್ಯರು ಈ ದೇಶದಲ್ಲಿ ಸದ್ಯಕ್ಕೆ ಆಗೋದಿಲ್ಲ. ಹಾಗಾದ್ರೆ ಈಗಾಗಲೇ ಮನೆಮನೆಗೆ ಹೋಗ್ತಿರೋರು ಯಾರು? ಮಲೇರಿಯಾಕ್ಕೆ ರಕ್ತ ತೆಗೆಯೋರು, ಚುಚ್ಚುಮದ್ದು ಹಾಕೋರು. ಅವರಿಗೇ ಕಲಿಸೋಣ. ಏನು ಕಲಿಸೋದು? ಗುರುತಿಸೋದು, ಹತ್ತಿರದ ಡಾಕ್ಟರಿಗೆ ಕಳಿಸೋದು, ಮತ್ತೆ ಹೋಗಿ ವಿಚಾರಿಸೋದು, ಮನೆಯವರಿಗೆ ತಿಳಿಸಿ ಹೇಳೋದು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಬೆರಳೆಣಿಕೆಯ ಔಷಧಿಗಳು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಇದನ್ನ ಇಡೀ ಜಿಲ್ಲೆಯಲ್ಲಿ ಮಾಡಿ ನೋಡೋಣ ಅಂತಾಯಿತು. ಆರಿಸಿದ್ದು 15 ಲಕ್ಷಕ್ಕೂ ಹೆಚ್ಚು ಜನರಿದ್ದ ಬಳ್ಳಾರಿ ಜಿಲ್ಲೆಯನ್ನ. 1980ರ ದಶಕದ ನಡುವಿನಿಂದ ಅಲ್ಲಿ ಕೆಲಸ ನಡೆಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮುಂದಿಟ್ಟುಕೊಂಡದ್ದು ಇದೇ 'ಬಳ್ಳಾರಿ ಮಾದರಿ'.

ಬಳ್ಳಾರಿ ಅಂತ ಓದಿದಾಗ ನನ್ನ ಕೈ ನಿಂತಿತು. ನಮ್ಮವ್ವನ ತವರು ಕೂಡ್ಲಿಗಿ ತಾಲ್ಲೂಕು. ಭಾನುವಾರ ಫೋನ್ ಮಾಡಿದಾಗ ಸುಮ್ಮನೆ ಕೇಳಿದೆ, "ಅವ್ವಾ, ನಿಮ್ಮೂರ ಕಡೆ ಆಗ ಹುಚ್ಚಿಗೆ ಔಷಧಿ ಕೊಡೋರು ಬರ್ತಿದ್ರಾ?"

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಯಾರು ಹೇಳಿದ್ರು ನಿನಗೆ?" ಅಂದಳು.

ಯಾರೂ ಹೇಳಿರಲಿಲ್ಲ. ನನ್ನ ದೊಡ್ಡ ಮಾವ, ನಮಗೆಲ್ಲ ಹಿಟ್ಟಿನ ಗಿರಣಿ ಮಾವ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದೂವರೆ ವರ್ಷ ದನದ ಕೊಟ್ಟಿಗೆಯ ಪಕ್ಕದ ಕೋಣೆಯಿಂದ ಹೊರಗೆ ಬಂದಿರಲಿಲ್ಲವಂತೆ. ಒಬ್ಬನೇ ಮಾತಾಡ್ತಿದ್ದನಂತೆ. ದೇವರು ಕೇಳಿಸಿದ್ದಾಯ್ತು, ತಾಯಿತ ಕಟ್ಟಿಸಿದ್ದಾಯ್ತು, ಎರಡು ಎಕರೆ ಹೊಲ ಹೋಯ್ತು. ಊರಿಗೆ ಬರುತ್ತಿದ್ದ ನರ್ಸಮ್ಮ ಕೂಸಿಗೆ ಚುಚ್ಚುಮದ್ದು ಹಾಕೋಕೆ ಬಂದವಳು ಕೋಣೆಯೊಳಗಿನ ದನಿ ಕೇಳಿದಳು.

"ಆಕಿ ಹುಚ್ಚು ಅನ್ನಲಿಲ್ಲಪ್ಪ," ಅಂದಳು ಅವ್ವ. "ರಾತ್ರಿ ನಿದ್ದಿ ಮಾಡ್ತಾನೇನು? ಹೊಟ್ಟಿ ತುಂಬ ಉಣ್ತಾನೇನು? ಯಾವಾಗಿಂದ ಹಿಂಗದಾನ? ಇಷ್ಟೇ ಕೇಳಿದ್ದು. ನಮ್ಮವ್ವಗೆ ಅಷ್ಟಕ್ಕೇ ಅಳು ಬಂತು. ಅಲ್ಲಿತನಕ ಯಾರೂ ಅದನ್ನ ಕೇಳಿರಲೇ ಇಲ್ಲ, ಯಾರು ಮಾಟ ಮಾಡ್ಯಾರ ಅಂತಷ್ಟೇ ಕೇಳೋರು."

ಅವಳು ಮೂರು ಸಲ ಬಂದ ಮೇಲೆ ಮಾವ ಬಾಗಿಲು ತೆಗೆದನಂತೆ. ಆಮೇಲೆ ಆಸ್ಪತ್ರೆ, ಗುಳಿಗೆ. ಗುಳಿಗೆ ಬಿಟ್ಟಾಗೆಲ್ಲ ಮತ್ತೆ ಬಂದು ಬಯ್ದು ಹೋಗ್ತಿದ್ದಳಂತೆ. ಗಿರಣಿ ಹಾಕಿದ್ದು ಅದಾದ ಮೇಲೆ. ಅವ್ವನ ಮದುವೆಗೆ ತೊಂದರೆ ಆಗ್ತದೆ ಅಂತ ಮನೆಯಲ್ಲಿ ಈ ಮಾತನ್ನ ಮುಚ್ಚಿಟ್ಟರು. ಅಪ್ಪನಿಗೂ ಗೊತ್ತಿಲ್ಲ. "ನೀ ಬರಿಯೋದಿದ್ರ ಹೆಸರು ಹಾಕಬ್ಯಾಡ" ಅಂದಳು. ಹಾಕಿಲ್ಲ. ಮಾವ ತೀರಿಕೊಂಡು ಆರು ವರ್ಷ ಆಯ್ತು.

ಆ ನರ್ಸಮ್ಮನಿಗೆ ನಿಮ್ಹಾನ್ಸಿನವರ ತರಬೇತಿ ಆಗಿತ್ತೋ ಇಲ್ಲವೋ ಅವ್ವನಿಗೆ ಗೊತ್ತಿಲ್ಲ. ವರ್ಷವೂ ಸರಿಯಾಗಿ ನೆನಪಿಲ್ಲ, "ಇಂದಿರಾಗಾಂಧಿ ಸತ್ತ ಮ್ಯಾಲೆ" ಅಂತಾಳೆ. ಆದರೆ ಆಕೆಯ ಪ್ರಶ್ನೆಗಳನ್ನ ನೋಡಿ. ನಿದ್ದೆ, ಊಟ, ಯಾವಾಗಿಂದ. ಮನಸ್ಸಿನ ಕಾಯಿಲೆಯ ಬಗ್ಗೆ ವಿಚಾರಿಸಬೇಕಾದವರಿಗೆ ಇವತ್ತಿಗೂ ಮೊದಲ ಪಾಠ ಇದೇ. ದೂರದಿಂದ ನೋಡಿದ್ರೆ ಇದು ಕಸುಬೇ ಅಲ್ಲ ಅನ್ನಿಸುತ್ತೆ, ಪಕ್ಕದ ಮನೆ ಅಜ್ಜಿ ಕೇಳೋ ಹಾಗಿದೆ. ಅಜ್ಜಿ ಕೇಳಿದ ಮೇಲೆ ಸಲಹೆ ಕೊಡ್ತಾಳೆ. ಇವರು ಕೇಳಿದ ಮೇಲೆ ಇನ್ನೊಂದು ಕೇಳ್ತಾರೆ. ಸಾಯಬೇಕು ಅನ್ನಿಸುತ್ತಾ ಅನ್ನೋದನ್ನೂ ನೇರವಾಗಿ ಕೇಳ್ತಾರೆ. ಹಾಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ನಾವು ಹೆದರ್ತೀವಿ. ಹಾಗಾಗಲ್ಲ ಅಂತ ಸಂಶೋಧನೆಗಳು ತೋರಿಸಿವೆ, ಕೇಳಿದವರ ಎದುರು ಜನ ಹಗುರಾಗ್ತಾರೆ. ಕೇಳಿ ತಿಳಿದದ್ದನ್ನ ಎಲ್ಲಿ ಮುಚ್ಚಿಡಬೇಕು, ಜೀವಕ್ಕೆ ಅಪಾಯ ಇದ್ದಾಗ ಯಾರಿಗೆ ಹೇಳಬೇಕು, ತನ್ನ ಕೈ ಮೀರಿದ್ದನ್ನ ಯಾವಾಗ ಮನೋವೈದ್ಯರಿಗೆ ಕಳಿಸಬೇಕು ಅನ್ನೋದು ಅಜ್ಜಿಗೆ ಗೊತ್ತಿರಬೇಕಾಗಿಲ್ಲ, ಇವರಿಗೆ ಗೊತ್ತಿರಲೇಬೇಕು.

ಬಳ್ಳಾರಿಯ ಯೋಚನೆ ಗೋವಾದಲ್ಲಿ ಇನ್ನೂ ಮುಂದಕ್ಕೆ ಹೋಯಿತು. ಅಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಮನಶ್ಶಾಸ್ತ್ರದ ಪದವಿ ಇಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕೂರಿಸಿದರು. ಮಾಡಿಸಿದ್ದೇನು? ಖಿನ್ನತೆಯಲ್ಲಿ ಕೈಬಿಟ್ಟ ಸಣ್ಣ ಕೆಲಸಗಳನ್ನ ಒಂದೊಂದಾಗಿ ಮತ್ತೆ ಶುರು ಮಾಡಿಸೋದು. ಮನಸ್ಸು ಸರಿಯಾದ ಮೇಲೆ ಮಾಡೋಣ ಅಂತ ಕಾಯದೆ, ಮಾಡ್ತಾ ಮಾಡ್ತಾ ಮನಸ್ಸನ್ನ ಎಬ್ಬಿಸೋದು. 'ಬಿಹೇವಿಯರ್' ಅನ್ನೋ ಪದಕ್ಕೆ ಇಲ್ಲಿ ಅರ್ಥ ಬರುತ್ತೆ, ನನ್ನ ಗೆಳೆಯ ಅಂದುಕೊಂಡ ನಡತೆಯಲ್ಲ, ನಡೆ. 2017ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 495 ಜನರಿದ್ದರು. ಮೂರು ತಿಂಗಳ ಹೊತ್ತಿಗೆ ಈ ಸೆಷನ್‌ಗಳು ಸಿಕ್ಕವರಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು, ಬರೀ ಮಾಮೂಲಿ ಚಿಕಿತ್ಸೆ ಸಿಕ್ಕವರಲ್ಲಿ 39.

ಇದನ್ನೆಲ್ಲ ಓದಿ ಯಾರು ಬೇಕಾದ್ರೂ ಕೌನ್ಸೆಲರ್ ಆಗಬಹುದು ಅಂತ ಅರ್ಥ ಮಾಡ್ಕೋಬೇಡಿ. ಆ ಗೋವಾದವರ ಹಿಂದೆ ಬರೆದಿಟ್ಟ ಕೈಪಿಡಿ ಇತ್ತು, ವಾರವಾರ ಅವರ ಕೆಲಸವನ್ನ ತೂಗಿ ನೋಡುವವರಿದ್ದರು. ನಮ್ಮ ಇನ್‌ಸ್ಟಾಗ್ರಾಮಿನಲ್ಲಿ ಎರಡು ದಿನದ ಸರ್ಟಿಫಿಕೇಟ್ ಹಿಡಿದು 'ಮೈಂಡ್ ಕೋಚ್' ಆದವರ ಹಿಂದೆ ಯಾರಿದ್ದಾರೆ? ಅದಕ್ಕೇ ಲಿಂಕ್ ಒತ್ತೋ ಮೊದಲು ನಾನು ಎಚ್‌ಆರ್‌ಗೆ ಮೇಲ್ ಮಾಡಿ ಕೇಳಿದೆ. ಅವರು ಓದಿದ್ದೇನು, ಯಾವ ರಿಜಿಸ್ಟರಿನಲ್ಲಿದ್ದಾರೆ, ನಾನು ಹೇಳಿದ್ದು ನನ್ನ ಮ್ಯಾನೇಜರಿಗೆ ತಲುಪುತ್ತಾ? ಎರಡು ದಿನ ಬಿಟ್ಟು ಉತ್ತರ ಬಂತು, ಮೂರಕ್ಕೂ.

ಗುರುವಾರ ಸಂಜೆ ಆರಕ್ಕೆ ವಿಡಿಯೋ ತೆರೆಯಿತು. ಆ ಕಡೆ ಸುಮಾರು ನನ್ನದೇ ವಯಸ್ಸಿನ ಹೆಣ್ಣುಮಗಳು, ಹಿಂದೆ ಖಾಲಿ ಗೋಡೆ. ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಎಂ.ಫಿಲ್. ಹೆಸರು ಹೇಳಿಕೊಂಡರು, ಕನ್ನಡನಾ ಇಂಗ್ಲಿಷಾ ಅಂತ ಕೇಳಿದರು. ಕನ್ನಡ ಅಂದೆ.

"ಸರಿ," ಅಂದರು. "ರಾತ್ರಿ ನಿದ್ದೆ ಹೇಗಿದೆ?"